ಬಾಗಿಲಿನ ಒಳಮೈ

ಕಳೆದ ಆಷಾಢದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಯಾತ್ರಿಕರನ್ನು ಧರ್ಮಸ್ಥಳಕ್ಕೆ ಬಿಟ್ಟು ಬೆಂಗಳೂರಿಗೆ ಹಿಂದಿರುಗುವ ದಾರಿಯಲ್ಲಿ ಹಿರೀಸಾವೆಯಲ್ಲಿ ಕಾರು ನಿಲ್ಲಿಸಿ ನಮ್ಮ ಮನೆಗೆ ಬಂದಿದ್ದನು. ಬಾಡಿಗೆ ಕಾರೇ ಅವನ ಜೀವನೋಪಾಯ. ಕಾಫಿ ಕುಡಿಯುತ್ತ ಕುಳಿತವನು, "ಮೇಷ್ಟ್ರೇ, ತರಗತಿಯಲ್ಲಿ ನೀವು ಎಲ್ಲದಕ್ಕೂ ಒಂದು ಕಾರಣ ಹೇಳುತ್ತಿದ್ದಿರಿ. ನನ್ನ ಕಾರಿನ ಬಾಗಿಲಿನ ಒಳಭಾಗ ಬೆಲ್ಲ ಸವರಿದ ಹಾಗೆ ಅಂಟುತ್ತಿದೆ. ದಿನವೂ ಸೋಪು ಹಾಕಿ ಒರೆಸುತ್ತೇನೆ, ಒರೆಸಿದಷ್ಟೂ ಹೆಚ್ಚುತ್ತಿದೆ. ಕುಳಿತವರು ಕೈ ಇಟ್ಟ ಕೂಡಲೇ ಬೆರಳು ಮೂಸಿ ನೋಡಿಕೊಳ್ಳುತ್ತಾರೆ. ಇದಕ್ಕೇನು ಕಾರಣ?" ಎಂದು ಕೇಳಿದನು.

ನಾನು ಅವನಿಗೆ ಇತಿಹಾಸ ಕಲಿಸಿದವನೇ ಹೊರತು ರಸಾಯನಶಾಸ್ತ್ರವನ್ನಲ್ಲ. ಆದರೂ ಪ್ರಶ್ನೆಗೆ ಉತ್ತರ ನನಗೆ ಸ್ವಲ್ಪ ಗೊತ್ತಿತ್ತು. ಗೊತ್ತಿರುವುದಕ್ಕೆ ನಮ್ಮ ಮನೆತನದ ಒಂದು ಹಳೆಯ ಅವಮಾನವೇ ಕಾರಣ. ಅಂದು "ಮೊದಲು ಒರೆಸುವುದನ್ನು ನಿಲ್ಲಿಸು" ಎಂದಷ್ಟೇ ಹೇಳಿ ಕಳುಹಿಸಿದೆ. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದಲಿ, ಕಾರು ಕೊಂಡು ಶೋಕಿಯಾಗಿ ತೊಳೆಯುತ್ತಿರುವ ನಮ್ಮ ಬಂಧುಬಳಗದ ಹುಡುಗರೂ ಓದಲಿ.

ಕಾರಿನ ಬಾಗಿಲಿನ ಒಳಗೆ, ತಗಡನ್ನು ಮರೆಮಾಡಿ ಕೂರಿಸಿರುವ ಹಲಗೆಯನ್ನು ನಮ್ಮ ಮೆಕ್ಯಾನಿಕ್ಕುಗಳು ಡೋರ್ ಪ್ಯಾಡ್ ಎನ್ನುತ್ತಾರೆ. ನಾನು ಇಲ್ಲಿ ಒಳಹಲಗೆ ಎಂದೇ ಕರೆಯುತ್ತೇನೆ. ಕಾರಿನಲ್ಲಿ ಅತಿ ಹೆಚ್ಚು ಕೈಗಳು ಮುಟ್ಟುವ ಜಾಗ ಅದು. ಚಕ್ರಕ್ಕೊಂದು ಚರಿತ್ರೆಯಿದೆ, ಎಂಜಿನ್ನಿಗೊಂದು ಚರಿತ್ರೆಯಿದೆ. ಈ ಹಲಗೆಯ ಚರಿತ್ರೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಏಕೆಂದರೆ ಅದು ಕಾರನ್ನು ಓಡಿಸುವುದಿಲ್ಲ.

ನಮ್ಮ ಸೀಮೆಯ ಸವಾರಿ ಗಾಡಿಗೆ ಬಾಗಿಲೇ ಇರಲಿಲ್ಲ. ಬಿದಿರಿನ ಕಮಾನು, ಅದರ ಮೇಲೆ ತಟ್ಟಿ, ಕೆಳಗೆ ಹರಡಿದ ಹುಲ್ಲು, ಹುಲ್ಲಿನ ಮೇಲೊಂದು ಜಮಖಾನ. ಕೊಳೆಯಾದರೆ ಹುಲ್ಲು ಬದಲಿಸಿ, ಜಮಖಾನ ಕೊಡವಿದರೆ ಮುಗಿಯಿತು. ಗಾಡಿಯ ಉಪಚಾರವೆಂದರೆ ಅಚ್ಚಿಗೆ ಕೀಲೆಣ್ಣೆ ಹಾಕುವುದು, ಮರಕ್ಕೆ ಎಣ್ಣೆ ಸವರುವುದು. ಹರಳೆಣ್ಣೆಗೆ ಬರವಿರಲಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳುಗಳ ಜೊತೆಗೆ ಹರಳೂ ಬೆಳೆಯುತ್ತಿತ್ತು. ಈ ಹರಳೆಣ್ಣೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಎರಡು ಸಲ ಬರುತ್ತದೆ.

ಬಾಗಿಲು, ಬಾಗಿಲಿಗೊಂದು ಒಳಗವಸು ಎಂಬುದು ಯೂರೋಪಿನ ಕುದುರೆ ಸಾರೋಟುಗಳಿಂದ ಬಂದ ಪದ್ಧತಿ. ಮೊದಲ ಮೋಟಾರು ಕಾರುಗಳನ್ನು ಕಟ್ಟಿದವರು ಸಾರೋಟು ಕಟ್ಟುತ್ತಿದ್ದ ಕುಶಲಕರ್ಮಿಗಳೇ. ಹೊರಗೆ ಮಳೆ ಬಿಸಿಲಿಗೆ ಕೂರುವ ಸಾರಥಿಯ ಪೀಠಕ್ಕೆ ಚರ್ಮ. ಒಳಗೆ ಕೂರುವ ಯಜಮಾನನ ಪೀಠಕ್ಕೂ ಬಾಗಿಲಿಗೂ ಮೆತ್ತನೆಯ ಉಣ್ಣೆಯ ಬಟ್ಟೆ. ಚರ್ಮ ತಾಳಿಕೆಯದು, ಆದ್ದರಿಂದ ಅದು ಸೇವಕನ ಪಾಲಿಗೆ; ಬಟ್ಟೆ ನಾಜೂಕಿನದು, ಆದ್ದರಿಂದ ಅದು ಧಣಿಯ ಪಾಲಿಗೆ. ಇಂದು ಚರ್ಮದ ಒಳಹೊದಿಕೆಗೆ ಲಕ್ಷಗಟ್ಟಲೆ ಹೆಚ್ಚು ಕೊಡುವವರು ಇದನ್ನು ಕೇಳಿದರೆ ಬೇಸರಿಸಿಕೊಳ್ಳಬಹುದು. ಆ ಬಟ್ಟೆಯ ಶತ್ರುಗಳು ಎರಡು: ನುಸಿ ಮತ್ತು ತೇವ. ಒಣ ಬ್ರಷ್ಷಿನಿಂದ ಧೂಳು ಉದುರಿಸುವುದು, ಗಾಳಿಗೆ ಬಿಡುವುದು, ಕರ್ಪೂರ ಇಡುವುದು, ಇಷ್ಟೇ ಅದರ ಆರೈಕೆ. ಚರ್ಮಕ್ಕಾದರೆ ಎಣ್ಣೆ, ಮೇಣ. ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆನ್ನುವವರು ಧರ್ಮಸ್ಥಳದ ಸಂಗ್ರಹವನ್ನಾಗಲಿ, ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭವಾದ 'ಪಯಣ' ಸಂಗ್ರಹಾಲಯವನ್ನಾಗಲಿ ನೋಡಬಹುದು. ಎಲ್ಲರೂ ಮುಂಭಾಗದ ದೀಪಗಳ ಎದುರು ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ನೀವು ಕಿಟಕಿಯ ಗಾಜಿನಾಚೆಗೆ ಬಗ್ಗಿ ಬಾಗಿಲಿನ ಒಳಮೈಯನ್ನೂ ಒಮ್ಮೆ ನೋಡಿರಿ.

ಕಾರುಗಳ ಸಂಖ್ಯೆ ಸಾವಿರದಿಂದ ಲಕ್ಷಕ್ಕೆ ಏರಿದಾಗ ಅಷ್ಟು ಚರ್ಮವನ್ನಾಗಲಿ ಅಷ್ಟು ಉಣ್ಣೆಯನ್ನಾಗಲಿ ಎಲ್ಲಿಂದ ತರುವುದು? ಆಗ ಬಂದದ್ದು ಕೃತಕ ಚರ್ಮ. ಹತ್ತಿಯ ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸಿನ ಲೇಪ ಕೊಟ್ಟು, ಚರ್ಮದ ಗೆರೆಗಳನ್ನು ಒತ್ತಿ ಮೂಡಿಸಿದ ವಸ್ತು ಅದು. ನೈಟ್ರೋಸೆಲ್ಯುಲೋಸ್ ಎಂದರೆ ಬಂದೂಕಿನ ಮದ್ದಿನ ವಂಶದ್ದೇ. ಅಮೆರಿಕದ ಮದ್ದಿನ ಕಂಪನಿಯಾದ ಡ್ಯುಪಾಂಟ್ 1910ರಲ್ಲಿ 'ಫ್ಯಾಬ್ರಿಕಾಯಿಡ್' ಎಂಬ ಇಂಥ ಬಟ್ಟೆ ತಯಾರಿಸುವ ಸಂಸ್ಥೆಯನ್ನು ಕೊಂಡುಕೊಂಡದ್ದು ಸುಮ್ಮನೆ ಅಲ್ಲ. ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರಿನ ಬಳಿಯ ಹೈಡ್ ಎಂಬಲ್ಲಿ ತಯಾರಾಗುತ್ತಿದ್ದ ಇಂಥದೇ ಬಟ್ಟೆಯ ವ್ಯಾಪಾರನಾಮ 'ರೆಕ್ಸಿನ್'. ನಮ್ಮಲ್ಲಿ ಆ ಕಂಪನಿಯ ಹೆಸರು ವಸ್ತುವಿನ ಹೆಸರೇ ಆಗಿ, ಆ ವಸ್ತು ಹೋಗಿ ಬೇರೊಂದು ಬಂದ ಮೇಲೂ ನಿಂತುಬಿಟ್ಟಿದೆ. ಶಾಲೆಯ ಚೀಲವೂ ರೆಕ್ಸಿನ್ನೇ, ಸೈಕಲ್ಲಿನ ಸೀಟೂ ರೆಕ್ಸಿನ್ನೇ.

ಬರಿಯ ನೈಟ್ರೋಸೆಲ್ಯುಲೋಸ್ ಒಣಗಿದರೆ ಹಪ್ಪಳದಂತೆ ಮುರಿಯುತ್ತದೆ. ಅದನ್ನು ಬಾಗುವಂತೆ ಮಾಡಲು ಬೆರೆಸುತ್ತಿದ್ದ ಎಣ್ಣೆ ಯಾವುದು ಗೊತ್ತೇ? ಹರಳೆಣ್ಣೆ! ಎತ್ತಿನ ಗಾಡಿಯ ಅಚ್ಚಿಗೆ ನಮ್ಮವರು ಹಾಕುತ್ತಿದ್ದ ಎಣ್ಣೆಯೇ ಸಮುದ್ರದಾಚೆ ಕಾರಿನ ಬಾಗಿಲಿಗೂ ಮೃದುತ್ವ ಕೊಡುತ್ತಿತ್ತು. ಈ ಬಟ್ಟೆಗೊಂದು ದೌರ್ಬಲ್ಯವಿತ್ತು. ಕ್ಷಾರ ತಗುಲಿದರೆ ನೈಟ್ರೋಸೆಲ್ಯುಲೋಸ್ ಕೆಡುತ್ತದೆ. ಎಲೆಯಡಿಕೆ ಹಾಕುವವರು ಸುಣ್ಣದ ಬೆರಳನ್ನು ಎಲ್ಲಿ ಒರೆಸುತ್ತಾರೆಂಬುದು ನಮ್ಮ ಊರಿನ ಪ್ರತಿಯೊಂದು ಕಂಬಕ್ಕೂ ಗೊತ್ತು. ಆ ಬೆರಳು ಕಾರಿನ ಬಾಗಿಲಿಗೂ ಹೋಗುತ್ತಿತ್ತು. ಸಾಬೂನಿನ ನೀರೂ ಕ್ಷಾರವೇ.

ಇಲ್ಲೊಂದು ಮಾತು. ಮೈಸೂರು ಸೀಮೆಯಲ್ಲೇ ಕಾರುಗಳ ಕಾರ್ಖಾನೆಯೊಂದು ಹುಟ್ಟಬಹುದಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಉದ್ಯಮವನ್ನು ಅಧ್ಯಯನ ಮಾಡಿ ಬಂದು ಯೋಜನೆ ಸಿದ್ಧಪಡಿಸಿದ್ದರು. ಅವರೊಡನೆ ಕೈಜೋಡಿಸಿದ ಉದ್ಯಮಿ ವಾಲಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರದ ಒಲವಿಲ್ಲದ ಕಾರಣ ಅದು ಇಲ್ಲಿ ಕೈಗೂಡಲಿಲ್ಲ. ಬೆಂಗಳೂರಿಗೆ ವಾಲಚಂದರಿಂದ 1940ರ ಡಿಸೆಂಬರಿನಲ್ಲಿ ಬಂದದ್ದು ವಿಮಾನದ ಕಾರ್ಖಾನೆ, ಇಂದಿನ ಎಚ್‌ಎಎಲ್. ಅವರ ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು. ಅಲ್ಲಿಂದಲೇ ಫಿಯೆಟ್, ಆ ಬಳಿಕ ಪದ್ಮಿನಿ ಎಂಬ ಹೆಸರು ಹೊತ್ತ ಕಾರು ಬಂದದ್ದು. ಬಿರ್ಲಾ ಅವರ ಹಿಂದೂಸ್ಥಾನ್ ಮೋಟಾರ್ಸ್ ಬಂಗಾಳದ ಉತ್ತರಪಾರಾದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಅಂಬಾಸಿಡರ್ ಎಂಬ ಹೆಸರಿನಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿತು. ನಮ್ಮ ತಲೆಮಾರಿಗೆ ಕಾರು ಎಂದರೆ ಈ ಎರಡೇ.

ನಮ್ಮ ಚಿಕ್ಕಪ್ಪ 1960ರ ದಶಕದ ಕೊನೆಯಲ್ಲಿ ಹಳೆಯದೊಂದು ಅಂಬಾಸಿಡರನ್ನು ಸಾಲ ಮಾಡಿ ಕೊಂಡರು. ಬೆಳ್ಳೂರು ಕ್ರಾಸು ದಾಟಿ ಚನ್ನರಾಯಪಟ್ಟಣ ಮುಟ್ಟುವ ಮುನ್ನ ಸಿಗುವ ನಮ್ಮ ಊರಿಗೆ ಹೆದ್ದಾರಿಯೇ ಜೀವಾಳ. ಬಸ್ಸಿನಿಂದ ಇಳಿದು ಶ್ರವಣಬೆಳಗೊಳಕ್ಕೆ ಹೋಗುವವರು, ಹೆರಿಗೆಗೆ ಹಾಸನದ ಆಸ್ಪತ್ರೆಗೆ ಹೋಗುವವರು, ಮದುವೆಯ ದಿಬ್ಬಣ, ಇವೇ ಬಾಡಿಗೆಗಳು. ಹತ್ತನೆಯ ತರಗತಿ ಮುಗಿಸಿ ರಜೆಯಲ್ಲಿದ್ದ ನನಗೆ ಕಾರಿನ ಒಳಭಾಗವನ್ನು ಶುಚಿಮಾಡುವ ಕೆಲಸ. ಸಂಬಳ ಒಂದು ಮಸಾಲೆ ದೋಸೆ.

ಆ ಕಾರಿನ ಒಳಹಲಗೆ ಹೇಗಿತ್ತೆಂದು ಇಂದಿನವರಿಗೆ ತಿಳಿಸಬೇಕು. ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡನ್ನು ಬಾಗಿಲಿನ ಅಳತೆಗೆ ಕತ್ತರಿಸಿ, ಅದರ ಮೇಲೆ ತೆಳುವಾಗಿ ಹತ್ತಿಯನ್ನೋ ಸ್ಪಂಜನ್ನೋ ಹಾಸಿ, ರೆಕ್ಸಿನ್ ಎಳೆದು ಹಿಂಬದಿಗೆ ಮಡಿಸಿ ಅಂಟಿಸಿರುತ್ತಿದ್ದರು. ಉಕ್ಕಿನ ಕ್ಲಿಪ್ಪುಗಳಿಂದ ಬಾಗಿಲಿಗೆ ಕೂರಿಸಿ, ಗಾಜು ಇಳಿಸುವ ಹಿಡಿಯನ್ನೂ ಬಾಗಿಲು ತೆರೆಯುವ ಹಿಡಿಯನ್ನೂ ಮೇಲಿನಿಂದ ಬಿಗಿದರೆ ಆಯಿತು. ಹಾಳಾದರೆ ಬಿಚ್ಚಿ ಪೇಟೆಗೆ ಒಯ್ದರೆ ಕುಷನ್ ಕೆಲಸದವನು ಸಂಜೆಯೊಳಗೆ ಹೊಸದು ಮಾಡಿಕೊಡುತ್ತಿದ್ದನು.

ಅಷ್ಟು ಹೊತ್ತಿಗೆ ರೆಕ್ಸಿನ್ ಎಂಬ ಹೆಸರೊಳಗಿನ ವಸ್ತು ಬದಲಾಗಿತ್ತು. ಅದು ಈಗ ಪಿವಿಸಿ, ಅಂದರೆ ವಿನೈಲ್. ಗಟ್ಟಿ ಪಿವಿಸಿಯನ್ನು ಮೆತ್ತಗೆ ಮಾಡುವ ವಿಧಾನವನ್ನು ಅಮೆರಿಕದ ವಾಲ್ಡೊ ಸೀಮನ್ 1926ರಲ್ಲಿ ಕಂಡುಹಿಡಿದರು. ಇದರಲ್ಲಿಯೂ ಮೆತ್ತಗಿರಿಸುವ ಎಣ್ಣೆಯಂಥ ದ್ರವವೊಂದು ಬೆರೆತಿರುತ್ತದೆ. ತೂಕದಲ್ಲಿ ಮೂರನೆಯ ಒಂದು ಪಾಲಿನ ಆಸುಪಾಸು ಅದೇ ಇರಬಹುದು. ಆ ದ್ರವ ಒಳಗಿರುವವರೆಗೆ ರೆಕ್ಸಿನ್ ರೆಕ್ಸಿನ್. ಹೊರಟುಹೋದರೆ ಒಣಗಿದ ಅಡಿಕೆ ಹಾಳೆ.

ಚಿಕ್ಕಪ್ಪನಿಗಾಗಲಿ ನನಗಾಗಲಿ ಇದು ಹೇಗೆ ತಿಳಿಯಬೇಕು? ನಮ್ಮ ಕಣ್ಣಿಗೆ ಅದು ಚರ್ಮದ ಹಾಗೆ ಕಾಣುತ್ತಿತ್ತು. ಚರ್ಮಕ್ಕೆ, ಗಾಡಿಯ ಮರಕ್ಕೆ, ಚಪ್ಪಲಿಗೆ, ಎತ್ತಿನ ಕೊಂಬಿಗೆ, ಎಲ್ಲಕ್ಕೂ ಎಣ್ಣೆ ಹಾಕಿ ಬೆಳೆದವರು ನಾವು. ಆದ್ದರಿಂದ ನಾನು ಪ್ರತಿ ಶುಕ್ರವಾರ ಮೊದಲು ಸೀಮೆಎಣ್ಣೆಯ ಬಟ್ಟೆಯಿಂದ ಕಲೆಗಳನ್ನು ಉಜ್ಜಿ ತೆಗೆದು, ಬಳಿಕ ಹರಳೆಣ್ಣೆಯನ್ನು ತೆಳುವಾಗಿ ಸವರುತ್ತಿದ್ದೆ. ಫಳಫಳ ಹೊಳೆಯುತ್ತಿತ್ತು. ಬಸ್ಸು ಕಾಯುತ್ತಿದ್ದವರು ಬಂದು ಇಣುಕಿ ನೋಡಿ ಹೊಗಳಿದರೆ ನನಗೆ ದೋಸೆಗಿಂತ ಹೆಚ್ಚಿನ ತೃಪ್ತಿ.

ಆ ವರ್ಷದ ವೈಶಾಖದಲ್ಲಿ ಒಂದು ಮದುವೆಯ ಬಾಡಿಗೆ ಬಂದಿತು. ಹೆಣ್ಣಿನ ಕಡೆಯವರು. ಮದುಮಗಳು ಹಿಂದಿನ ಸೀಟಿನಲ್ಲಿ ಬಾಗಿಲಿಗೆ ಒರಗಿ ಕುಳಿತಿದ್ದಳು. ಸೆಕೆಗೆ ಎಣ್ಣೆ ಕರಗಿ, ಒಂದು ವಾರದ ಧೂಳನ್ನೂ ಕೂಡಿಸಿಕೊಂಡು, ಅವಳ ಧಾರೆ ಸೀರೆಯ ಬಿಳಿಯ ಒಡಲಿನ ಮೇಲೆ ಭುಜದಿಂದ ಮೊಳಕೈವರೆಗೆ ಕಪ್ಪು ಪಟ್ಟೆ ಎಳೆದುಬಿಟ್ಟಿತು. ಛತ್ರದ ಮುಂದೆ ಅವಳು ಇಳಿದಾಗ ಮೊದಲು ನೋಡಿದವಳು ಅವಳ ಅಜ್ಜಿ. ಮುಂದಿನದನ್ನು ನಾನು ವಿವರಿಸಲಾರೆ. ಚಿಕ್ಕಪ್ಪ ಬಾಡಿಗೆಯ ಹಣವನ್ನು ತೆಗೆದುಕೊಳ್ಳಲಿಲ್ಲ. ಕೈಮುಗಿದು ಹೊರಟು ಬಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮನೆಗೆ ಬಂದು ಹಳೆಯ ಪಂಚೆಯ ತುಂಡೊಂದನ್ನು ಹಿಡಿದು ನಾಲ್ಕೂ ಬಾಗಿಲುಗಳನ್ನು ತಾವೇ ಒರೆಸಿದರು. ಆ ತಿಂಗಳ ಸಾಲದ ಕಂತು ತಪ್ಪಿತೆಂದು ಆಮೇಲೆ ಚಿಕ್ಕಮ್ಮನಿಂದ ತಿಳಿಯಿತು.

ಎರಡನೆಯ ಶಿಕ್ಷೆ ನಿಧಾನವಾಗಿ ಬಂದಿತು. ಎರಡು ವರ್ಷಗಳೊಳಗೆ ಮೊಳಕೈ ಊರುವ ಜಾಗದಲ್ಲಿ ರೆಕ್ಸಿನ್ ಬಿರಿಯಿತು. ನಾವು 'ಎಣ್ಣೆ ಕಡಿಮೆಯಾಯಿತು' ಎಂದುಕೊಂಡು ಮತ್ತಷ್ಟು ಹಾಕಿದೆವು! ನಿಜವಾಗಿ ನಡೆದಿದ್ದುದು ತಿರುಗುಮುರುಗು. ಸೀಮೆಎಣ್ಣೆ ವಿನೈಲಿನೊಳಗಿನ ಮೆತ್ತಗಿರಿಸುವ ದ್ರವವನ್ನು ಹೊರಗೆಳೆಯುತ್ತದೆ. ಪೆಟ್ರೋಲು, ತಿನ್ನರು ಇನ್ನೂ ಬೇಗ ಎಳೆಯುತ್ತವೆ. ಮೇಲೆ ಹಾಕಿದ ಎಣ್ಣೆ ಒಳಗೆ ಹೋಗಿ ಆ ಸ್ಥಾನವನ್ನು ತುಂಬುವುದಿಲ್ಲ. ಧೂಳು ಹಿಡಿಯಲು ಅಂಟಾಗಿ ನಿಲ್ಲುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಮೈಯ ಬೆವರು ಇವೂ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಇದೇ ಹಾನಿ ಮಾಡುತ್ತವೆ. ನಾವು ಅಕ್ಕರೆಯಿಂದಲೇ ಅದನ್ನು ಕೊಂದೆವು. ಹೊಸ ವಸ್ತುವಿಗೆ ಹಳೆಯ ವಸ್ತುವಿನ ಉಪಚಾರ. ಕಾರಿನ ಬಾಗಿಲಿನ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಎಲ್ಲೆಲ್ಲಿಯೂ ಕಂಡದ್ದು ಇದೇ: ವಸ್ತು ಮುಂದೆ ಹೋಗಿರುತ್ತದೆ, ಕೈಯ ಅಭ್ಯಾಸ ಒಂದು ತಲೆಮಾರು ಹಿಂದೆ ನಿಂತಿರುತ್ತದೆ.

ಆಯುಧಪೂಜೆಯ ಕಲೆಗಳದು ಇನ್ನೊಂದು ಕಥೆ. ಅರಿಶಿನದ ಕೈಯಲ್ಲಿ ಬಾಗಿಲು ತೆರೆದವರು ಒಳಗೂ ಒಂದು ಹಳದಿ ಬೆರಳಚ್ಚು ಬಿಡುತ್ತಾರೆ. ಅದನ್ನು ಸೋಪಿನಿಂದ ಉಜ್ಜಿದರೆ ಕೆಂಪಾಗುತ್ತದೆ. ಗಾಬರಿಗೊಂಡು ಇನ್ನಷ್ಟು ಉಜ್ಜುತ್ತಾರೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗಲೇಬೇಕು. ಒದ್ದೆ ಬಟ್ಟೆಯಿಂದ ಒರೆಸಿ ಬಾಗಿಲನ್ನು ಒಂದೆರಡು ದಿನ ಬಿಸಿಲಿಗೆ ಬಿಟ್ಟರೆ ಹಳದಿ ತಾನಾಗಿ ಮಾಸುತ್ತದೆ. ಅಡಿಕೆಯ ಕಲೆ ಮಾತ್ರ ಹಾಗಲ್ಲ. ಅದು ಹೋಗದು.

ಹಾರ್ಡ್‌ಬೋರ್ಡಿನ ಹಲಗೆಗೆ ಮುಂದಿನಿಂದ ಬರುವ ಶತ್ರುವಿಗಿಂತ ಹಿಂದಿನಿಂದ ಬರುವ ಶತ್ರು ದೊಡ್ಡವನು. ಇದನ್ನು ಇಂದಿನ ಕಾರಿನವರೂ ತಿಳಿದಿರಬೇಕು. ಮಳೆಯ ನೀರು ಕಿಟಕಿ ಗಾಜಿನ ಮೇಲಿಂದ ಇಳಿದು, ರಬ್ಬರಿನ ಅಂಚನ್ನು ದಾಟಿ, ಬಾಗಿಲಿನ ಹೊಟ್ಟೆಯೊಳಗೆ ಬೀಳುತ್ತದೆ. ಅದು ದೋಷವಲ್ಲ, ಬಾಗಿಲಿನ ರಚನೆಯೇ ಹಾಗೆ. ಕೆಳ ಅಂಚಿನಲ್ಲಿ ಅದು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಒಳಹಲಗೆಗೂ ತಗಡಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಹಿರೀಸಾವೆಯ ಕೆಂಪು ಧೂಳು ಆ ತೂತುಗಳನ್ನು ಮುಚ್ಚಿ, ಅದೇ ಕಾರು ಮಳೆಗಾಲದಲ್ಲಿ ಸುಮಾರು ನೂರು ಕಿಲೋಮೀಟರು ಪಶ್ಚಿಮಕ್ಕೆ ಹೋಗಿ ಸಕಲೇಶಪುರದ ಮಳೆಯಲ್ಲಿ ನಿಂತರೆ ಏನಾದೀತು? ಬಾಗಿಲು ಹಾಕಿದಾಗಲೆಲ್ಲ ಒಳಗೆ ನೀರು ಗುಳುಗುಳು ಎನ್ನುತ್ತದೆ. ಪ್ಲಾಸ್ಟಿಕ್ ಹಾಳೆ ಎಲ್ಲಿಯಾದರೂ ಕಿತ್ತಿದ್ದರೆ ಹಲಗೆ ನೀರು ಕುಡಿದು ಉಬ್ಬುತ್ತದೆ, ಕ್ಲಿಪ್ಪುಗಳು ಬಿಟ್ಟುಕೊಳ್ಳುತ್ತವೆ, ಬೂಷ್ಟು ಹಿಡಿದು ಕಾರಿಗೆಲ್ಲ ಒದ್ದೆ ಗೋಣಿಯ ವಾಸನೆ. ಮಲೆನಾಡಿನ ಚಾಲಕರು ಮುಂಗಾರಿಗೆ ಮುನ್ನ ಪೊರಕೆಕಡ್ಡಿಯಿಂದ ಆ ತೂತುಗಳನ್ನು ಚುಚ್ಚಿ ಬಿಡಿಸುವುದನ್ನು ನೋಡಿದ್ದೇನೆ. ನಮ್ಮ ಬಯಲುಸೀಮೆಯವರು ಬಾಗಿಲನ್ನು ಹೊಳೆಯಿಸುವುದರಲ್ಲಿ ಶ್ರದ್ಧೆ ತೋರಿದಷ್ಟು ತೂತು ಬಿಡಿಸುವುದರಲ್ಲಿ ತೋರಲಿಲ್ಲ.

1981ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸಹಸ್ರಮಾನದ ಮಹಾಮಸ್ತಕಾಭಿಷೇಕ. ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂ ಸುರಿದ ವರ್ಷ. ಹಿರೀಸಾವೆಯಿಂದ ಬೆಳಗೊಳದ ದಾರಿಯಲ್ಲಿ ಅಷ್ಟು ವಾಹನಗಳನ್ನು ನಮ್ಮೂರಿನವರು ಅಲ್ಲಿಯವರೆಗೆ ಕಂಡಿರಲಿಲ್ಲ. ಚಿಕ್ಕಪ್ಪ ಆ ಋತುವಿಗೆಂದೇ ಮುಂಚಿತವಾಗಿ ನಾಲ್ಕು ಬಾಗಿಲುಗಳಿಗೂ ಹೊಸ ಒಳಹಲಗೆ ಮಾಡಿಸಿದರು. ಆ ವೇಳೆಗೆ ನಾನು ಉಪಾಧ್ಯಾಯನಾಗಿದ್ದೆ. ಕುಷನ್ ಅಂಗಡಿಗೆ ಅವರೊಡನೆ ಹೋದಾಗ ಕೆಲಸಗಾರನು ಹಳೆಯ ರೆಕ್ಸಿನ್ನಿನ ತುಂಡನ್ನು ಬೆರಳಿನಲ್ಲಿ ಬಗ್ಗಿಸಿ, ಅದು ಚಟ್ಟನೆ ಮುರಿದಾಗ, "ಇದಕ್ಕೆ ಎಣ್ಣೆ ಕುಡಿಸಿದ್ದೀರಿ, ಸೀಮೆಎಣ್ಣೆಯನ್ನೂ ಕುಡಿಸಿದ್ದೀರಿ" ಎಂದನು. ಶಾಲೆಯ ಮೆಟ್ಟಿಲು ಎಷ್ಟು ಹತ್ತಿದ್ದನೋ ಅರಿಯೆ. ನಾನು ಪಿವಿಸಿಯ ಮೊದಲ ಪಾಠ ಕಲಿತದ್ದು ಅವನಿಂದ. ಹೊಸ ಹಲಗೆಯನ್ನು ಹೇಗೆ ನೋಡಿಕೊಳ್ಳಬೇಕೆಂದು ಕೇಳಿದೆವು. "ಅಂಟುವಾಳದ ನೀರಿನಲ್ಲಿ ಹಿಂಡಿದ ಬಟ್ಟೆ, ಆಮೇಲೆ ಬರಿಯ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ನಿಲ್ಲಿಸುವಾಗ ನೆರಳು ಹುಡುಕಿ. ಅಷ್ಟೇ" ಎಂದನು. ರೇಷ್ಮೆಗೂ ಚಿನ್ನಕ್ಕೂ ಆಗುವ ಅಂಟುವಾಳ ರೆಕ್ಸಿನ್ನಿಗೂ ಆಗುತ್ತದೆಂದು ನಮಗೆ ಹೊಳೆದಿರಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಆ ಕಾರಿನ ಬಾಗಿಲಿನ ಮೇಲ್ಭಾಗ ಬಣ್ಣ ಬಳಿದ ಬರಿಯ ತಗಡು. ಅದರ ಕೆಳಗೆ ಮಾತ್ರ ತೆಳುವಾದ ವಿನೈಲ್ ಹಲಗೆ. ಮಿತವ್ಯಯ. ಮಾರುತಿಯ ಬಗೆಗೆ ಬರೆಯುವುದು ಬಹಳವಿದೆ, ಇನ್ನೊಮ್ಮೆ ಬರೆಯುತ್ತೇನೆ. ನಮ್ಮ ವಿಷಯಕ್ಕೆ ಮುಖ್ಯವಾದ ತಿರುವು ಬಂದದ್ದು ಆಮೇಲೆ. ಇಟಲಿಯ ಜೂಲಿಯೊ ನಾಟ್ಟಾ 1954ರಲ್ಲಿ ರೂಪಿಸಿದ, ಮುಂದೆ 1963ರ ನೊಬೆಲ್ ಪಾರಿತೋಷಕದಲ್ಲಿ ಪಾಲು ತಂದುಕೊಟ್ಟ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು ನಿಧಾನವಾಗಿ ಹಾರ್ಡ್‌ಬೋರ್ಡಿನ ಜಾಗವನ್ನು ಹಿಡಿಯಿತು. ಕರಗಿಸಿ ಅಚ್ಚಿಗೆ ಸುರಿದರೆ ಮೊಳಕೈ ಪೀಠ, ಬಾಟಲಿಯ ಗೂಡು, ಸ್ಪೀಕರಿನ ಜಾಲರಿ ಎಲ್ಲವೂ ಒಂದೇ ಹೊಯ್ತದಲ್ಲಿ ಹೊರಬರುತ್ತವೆ. ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಸಲು ತೊಡಗಿದ ಹೊತ್ತಿಗೆ ಈ ಅಚ್ಚಿನ ಹಲಗೆಯೇ ಎಲ್ಲೆಡೆಯ ರೂಢಿಯಾಗುತ್ತಿತ್ತು. ಇದಕ್ಕೆ ನೀರು ಹಿಡಿಯದು, ಗೆದ್ದಲು ಹತ್ತದು, ಸುಣ್ಣ ತಾಗದು. ಆದರೆ ಒಡೆದರೆ ಹೊಲಿಯಲು ಬಾರದು. ಕುಷನ್ ಕೆಲಸಗಾರನು ಸಂಜೆಯೊಳಗೆ ಮಾಡಿಕೊಡುತ್ತಿದ್ದುದನ್ನು ಈಗ ಕಂಪನಿಯಿಂದಲೇ ತರಿಸಬೇಕು. ಹೀಗಾಗಿ ಹಿಂದೆ ಅಲಂಕಾರವಾಗಿದ್ದ ಆರೈಕೆ ಈಗ ಹಣದ ಪ್ರಶ್ನೆಯಾಗಿದೆ. ಬಾಡಿಗೆ ಕಾರಿನವನಿಗಂತೂ ಹೌದು.

ಈ ಹೊಸ ಹಲಗೆಯ ಮುಖ್ಯ ಶತ್ರು ಸೂರ್ಯ. ಕಾರಿನ ಮುಂಗಾಜು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಸೇರಿಸಿ ಮಾಡಿದ್ದಾದ್ದರಿಂದ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಪಕ್ಕದ ಗಾಜು ಸಾಮಾನ್ಯವಾಗಿ ಒಂಟಿ ಗಾಜು. ಅದು ಅಷ್ಟು ತಡೆಯುವುದಿಲ್ಲ. ಆದ್ದರಿಂದ ಡ್ಯಾಶ್‌ಬೋರ್ಡಿಗಿಂತ ಬಾಗಿಲಿನ ಮೇಲಂಚಿಗೆ ಅಪಾಯ ಕಡಿಮೆಯೆಂದು ಭಾವಿಸಬಾರದು. ಗಾಜಿಗೆ ಕಪ್ಪು ಹಾಳೆ ಅಂಟಿಸುವ ಪರಿಪಾಠವನ್ನು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ನಿಷೇಧಿಸಿದಾಗ ಅನೇಕರು ಗೊಣಗಿದರು. ಕಾರು ನಿಂತಿರುವಾಗ ಕಿಟಕಿಗೆ ಒಳಗಿನಿಂದ ಒಂದು ಟವೆಲ್ ಇಳಿಬಿಟ್ಟರೆ ಯಾವ ನ್ಯಾಯಾಲಯವೂ ಕೇಳುವುದಿಲ್ಲ. ಮಾವಿನ ಮರದ ನೆರಳಿದ್ದರೆ ಅದೂ ಬೇಡ.

ಈಗ ನನ್ನ ಶಿಷ್ಯನ ಅಂಟಿನ ಪ್ರಶ್ನೆಗೆ ಬರುತ್ತೇನೆ. ಗಟ್ಟಿ ಪ್ಲಾಸ್ಟಿಕ್ಕು ಕೈಗೆ ಒರಟೆನಿಸುವುದರಿಂದ ಕೆಲವು ಕಾರುಗಳಲ್ಲಿ ಬಾಗಿಲಿನ ಹಿಡಿಗೂ ಗುಂಡಿಗಳ ಸುತ್ತಲೂ ಮಖಮಲ್ಲಿನಂಥ ಮೃದುವಾದ ಪಾಲಿಯುರಿಥೇನ್ ಲೇಪ ಕೊಡುತ್ತಾರೆ. ಹೊಸತರಲ್ಲಿ ಬಹು ಹಿತ. ವರ್ಷಗಳು ಕಳೆದಂತೆ ತೇವ, ಶಾಖ, ಕೈಯ ಬೆವರು ಸೇರಿ ಆ ಲೇಪದ ಅಣುಸರಪಳಿಗಳನ್ನು ಕಡಿಯುತ್ತವೆ. ಅದು ಕರಗಿದ ಬೆಲ್ಲವಾಗುತ್ತದೆ. ಘಟ್ಟದ ಕೆಳಗಿನ ಆರ್ದ್ರ ಹವೆಗೆ ವಾರವಾರವೂ ಹೋಗಿಬರುವ ಕಾರಿಗೆ ಇದು ಬೇಗ. ಇದು ಕೊಳೆಯಲ್ಲ, ವಸ್ತುವೇ ಕೆಡುತ್ತಿರುವುದು. ಕೊಳೆಯೆಂದು ತಿಳಿದು ದಿನವೂ ಸೋಪುನೀರು ಹಾಕಿದರೆ ಬೆಂಕಿಗೆ ಗಾಳಿ ಹಾಕಿದಂತೆ. 2020ರಲ್ಲಿ ಕೊರೋನಾ ಬಂದಾಗ ಬಾಗಿಲ ಹಿಡಿಗಳು ದಿನಕ್ಕೆ ಹತ್ತು ಸಲ ಸ್ಯಾನಿಟೈಸರಿನಲ್ಲಿ ತೊಯ್ದವು. ಆಗ ಜೀವ ಮುಖ್ಯವಾಗಿತ್ತು, ಲೇಪವಲ್ಲ. ಇವನ ಕಾರೂ ಆ ಕಾಲವನ್ನು ಕಂಡದ್ದೇ. ಅದರ ಜೊತೆಗೆ ಸೊಳ್ಳೆಯ ಮುಲಾಮು. ಅದರಲ್ಲಿ ಸಾಮಾನ್ಯವಾಗಿರುವ ಡೀಟ್ ಎಂಬ ರಾಸಾಯನಿಕ ಹಲವು ಪ್ಲಾಸ್ಟಿಕ್ಕುಗಳನ್ನೂ ಬಣ್ಣಗಳನ್ನೂ ಕರಗಿಸುತ್ತದೆ. ಮುಲಾಮು ಹಚ್ಚಿದ ಕೈಯನ್ನು ಬಾಗಿಲಿನ ಮೇಲೆ ಊರಿದರೆ ಐದೂ ಬೆರಳಿನ ಗುರುತು ಶಾಶ್ವತ.

ಕೆಟ್ಟ ಲೇಪಕ್ಕೆ ಮದ್ದಿಲ್ಲ. ಅದನ್ನು ಪೂರ್ತಿಯಾಗಿ ತೆಗೆದುಬಿಡುವುದೇ ದಾರಿ. ಐಸೊಪ್ರೊಪೈಲ್ ಮದ್ಯಸಾರದಲ್ಲಿ ತೋಯಿಸಿದ ಬಟ್ಟೆಯಿಂದ, ಕಾಣದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ, ತಾಳ್ಮೆಯಿಂದ ಉಜ್ಜಿದರೆ ಲೇಪ ಹೋಗಿ ಕೆಳಗಿನ ಗಟ್ಟಿ ಪ್ಲಾಸ್ಟಿಕ್ಕು ಉಳಿಯುತ್ತದೆ. ಬಾಗಿಲನ್ನು ತೆರೆದಿಟ್ಟುಕೊಂಡು, ಬೀಡಿ ಸೇದುವವರನ್ನು ದೂರ ಕಳುಹಿಸಿ ಮಾಡಬೇಕಾದ ಕೆಲಸ. ಮೃದುತ್ವ ಹೋಯಿತೆಂದು ಯಾರೂ ಬಾಡಿಗೆ ಬಿಡುವುದಿಲ್ಲ, ಅಂಟಿದರೆ ಬಿಡುತ್ತಾರೆ. ಇನ್ನುಳಿದ ಭಾಗಕ್ಕೆ ಆ ಕುಷನ್ ಕೆಲಸಗಾರನ ಮಾತೇ ಇಂದಿಗೂ ಸಾಕು. ಮೊದಲು ಒಣ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಬೇಕು. ಧೂಳಿನ ಮೇಲೆ ಒದ್ದೆ ಬಟ್ಟೆ ಆಡಿಸಿದರೆ ಮರಳುಕಾಗದ ಆಡಿಸಿದಂತೆಯೇ. ಬಿಸಿಲಿನಲ್ಲಿ ಕಾದ ಬಾಗಿಲನ್ನು ಒರೆಸಬಾರದು, ನೀರು ಆರಿ ಕಲೆ ನಿಲ್ಲುತ್ತದೆ. ನೀರನ್ನು ಬಟ್ಟೆಗೆ ಹಾಕಬೇಕು, ಬಾಗಿಲಿಗಲ್ಲ; ಈಗಿನ ಬಾಗಿಲಿನಲ್ಲಿ ಗಾಜು ಇಳಿಸುವ ವಿದ್ಯುತ್ ಗುಂಡಿಗಳಿವೆ. ಫಳಫಳಿಸುವ ಸಿಲಿಕೋನ್ ಪಾಲಿಷನ್ನು ಅಂಗಡಿಯವರು ಕೈಗೆ ತುರುಕುತ್ತಾರೆ. ನಾನು ಹರಳೆಣ್ಣೆ ಹಾಕುತ್ತಿದ್ದುದರ ಹೊಸ ಅವತಾರ ಅದು. ಧೂಳು ಹಿಡಿಯುತ್ತದೆ, ಬಿಸಿಲಿಗೆ ಕನ್ನಡಿಯಲ್ಲಿ ಹೊಳೆದು ಕಣ್ಣು ಕುಕ್ಕುತ್ತದೆ. ಹಚ್ಚಲೇಬೇಕೆಂದರೆ ಹೊಳಪು ಕೊಡದ, ನೀರಿನಲ್ಲಿ ಕದಡಿದ, ಅತಿನೇರಳೆ ಕಿರಣ ತಡೆಯುವಂಥದನ್ನು ತೆಳುವಾಗಿ ಹಚ್ಚಿರಿ.

ಒಂದು ಸಂತೋಷದ ಸಂಗತಿಯನ್ನು ಬಿಟ್ಟಿದ್ದೆ. ನಾರು ಮತ್ತೆ ಬಾಗಿಲಿಗೆ ಬಂದಿದೆ. ಬರಿಯ ಪ್ಲಾಸ್ಟಿಕ್ಕು ತೂಕ ಹೆಚ್ಚೆಂದು 1990ರ ದಶಕದಿಂದ ಯೂರೋಪಿನ ಕಾರು ತಯಾರಕರು ಅಗಸೆ, ಸೆಣಬುಗಳ ನಾರನ್ನು ಪ್ಲಾಸ್ಟಿಕ್ಕಿನೊಡನೆ ಒತ್ತಿ ಒಳಹಲಗೆ ಮಾಡತೊಡಗಿದರು. ಟೊಯೋಟ ಸಂಸ್ಥೆ ಬಾಗಿಲಿನ ಹಲಗೆಗೆ ಬಳಸಿದ್ದು ಕೆನಾಫ್ ಎಂಬ ನಾರನ್ನು. ಕೆನಾಫ್ ಎಂದರೆ ಬೇರೇನೂ ಅಲ್ಲ, ನಮ್ಮ ಪುಂಡಿ! ಹೊಲದ ಬದುವಿನಲ್ಲಿ ಬೆಳೆದು, ಕಟ್ಟು ಕಟ್ಟಿ ಕೆರೆಯಲ್ಲಿ ಕೊಳೆಹಾಕಿ, ಊರೆಲ್ಲ ಮೂಗು ಮುಚ್ಚಿಕೊಳ್ಳುವಂತೆ ಮಾಡಿ, ನಾರು ಸುಲಿದು ದನದ ಹಗ್ಗ ಹೊಸೆಯುತ್ತಿದ್ದ ಅದೇ ಪುಂಡಿ.

ಚಿಕ್ಕಪ್ಪ ತೀರಿಕೊಂಡ ಮೇಲೆ ಆ ಅಂಬಾಸಿಡರ್ ಗುಜರಿಗೆ ಹೋಯಿತು. ಮುಂದಿನ ಎಡಬಾಗಿಲಿನ ಒಳಹಲಗೆಯೊಂದನ್ನು ಮಾತ್ರ ನಾನು ಬಿಚ್ಚಿಸಿ ಇಟ್ಟುಕೊಂಡೆ. ಈಚೆಗೆ ಅಟ್ಟದಿಂದ ಇಳಿಸಿದೆ. ಮುಂಭಾಗದ ರೆಕ್ಸಿನ್ ಮೊಳಕೈ ಇಡುವ ಕಡೆ ಸವೆದಿದೆ, ಬಿರಿದಿಲ್ಲ. ಹಿಂದುಮುಂದು ಮಾಡಿದಾಗ ಹಾರ್ಡ್‌ಬೋರ್ಡಿನ ಮೇಲೆ ಪೆನ್ಸಿಲಿನ ಬರಹ ಕಂಡಿತು. 'ಹಿರೀಸಾವೆ ಗಾಡಿ, ಮುಂದಿನ ಎಡ' ಎಂದು. ಕೆಳಗೆ ಇಂಚಿನಲ್ಲಿ ಉದ್ದ ಅಗಲ. ಅದರ ಕೆಳಗೆ '1980 ಡಿಸೆಂಬರ್'. ಕೆಳ ಅಂಚಿನಲ್ಲಿ ನೀರು ಹತ್ತಿದ ಗುರುತು ಒಂದು ಬೆರಳಿನಷ್ಟು ಎತ್ತರಕ್ಕೆ ಬಂದು ಅಲ್ಲಿಗೇ ನಿಂತಿದೆ. ಕೆಲಸಗಾರನ ಹೆಸರಿಲ್ಲ. ಹೆಸರನ್ನು ನಾನು ಅಂದು ಕೇಳಲೂ ಇಲ್ಲ. ಹಲಗೆ ಈಗ ನನ್ನ ಪುಸ್ತಕದ ಕಪಾಟಿನ ಪಕ್ಕದಲ್ಲಿದೆ. ಹಿರೀಸಾವೆಯ ಕಡೆ ಬಂದವರು ನೋಡಬಹುದು. ಎಣ್ಣೆಗೈಯಲ್ಲಿ ಮುಟ್ಟಬೇಡಿರಿ.